ಸೋಲರಿಯದ ಮಲ್ಲರು



ಆಶ್ವಯುಜ ಶುದ್ಧ ದಶಮಿಯಂದು ನಮ್ಮ ಮೈಸೂರಿನಲ್ಲಿ ಏಕಕಾಲಕ್ಕೆ ಎರಡು ಉತ್ಸವಗಳು ನಡೆಯುತ್ತವೆ. ಇತ್ತ ಮಠಮಂದಿರಗಳಲ್ಲಿ ಶ್ರೀಮದಾಚಾರ್ಯರ ಜಯಂತಿಯ ಅಂಗವಾಗಿ ಪ್ರಾಣದೇವರಿಗೆ ಮಧು ಅಭಿಷೇಕ, ವಾಯುಸ್ತುತಿ ಪುನಶ್ಚರಣೆ, ಸುಮಧ್ವವಿಜಯದ ಪಾರಾಯಣ. ಅತ್ತ ಅರಮನೆಯ ಸವಾರಿ ತೊಟ್ಟಿಯಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಮಣ್ಣಿನ ಮಟ್ಟಿಗಿಳಿದು, ಬೆರಳುಗಳಿಗೆ ಮೊನಚಾದ ವಜ್ರಮುಷ್ಟಿಯನ್ನು ತೊಟ್ಟು ಕಾದುತ್ತಾರೆ. ಒಬ್ಬನ ನೆತ್ತಿಯಿಂದ ರಕ್ತ ಇಳಿಯಿತೆಂದರೆ ಕಾಳಗ ಮುಗಿಯಿತು. ಎಷ್ಟೋ ಸಲ ಅದು ಕೆಲವೇ ಕ್ಷಣಗಳ ಮಾತು. ಅದಾದ ಮೇಲೆಯೇ ವಿಜಯಯಾತ್ರೆ, ಬನ್ನಿಪೂಜೆ.

ಇದಲ್ಲದೆ ನವರಾತ್ರಿಯ ದಿನಗಳಲ್ಲಿ ದೊಡ್ಡಕೆರೆ ಮೈದಾನದಲ್ಲಿ ನಾಡಕುಸ್ತಿಯ ಪಂದ್ಯಗಳಿರುತ್ತವೆ. ನಾಡಿನ ನಾನಾ ಕಡೆಗಳಿಂದ ಪೈಲ್ವಾನರು ಬರುತ್ತಾರೆ. ಅದಕ್ಕೆ ಮುಂಚೆಯೇ ಹಿರಿಯ ಉಸ್ತಾದರು ಕುಳಿತು ಜೋಡಿ ಕಟ್ಟುತ್ತಾರೆ. ಮೈತೂಕ, ವಯಸ್ಸು, ಅಭ್ಯಾಸಗಳನ್ನು ನೋಡಿ ಯಾರಿಗೆ ಯಾರು ಸರಿಸಮಾನರೆಂದು ನಿಶ್ಚಯಿಸುತ್ತಾರೆ. ಗೆದ್ದವರಿಗೆ ದಸರಾ ಕೇಸರಿ, ದಸರಾ ಕಂಠೀರವ, ದಸರಾ ಕುಮಾರ ಮುಂತಾದ ಬಿರುದುಗಳು ಸಲ್ಲುತ್ತವೆ. ಸಂಜೆಯ ಪ್ರವಚನಕ್ಕೆ ಬರಬೇಕಾದ ತರುಣರು ಕುಸ್ತಿಯ ಕಡೆಗೆ ಹೋಗುತ್ತಾರೆಂದು ಬೇಸರಪಡುವ ಹಿರಿಯರು ನಮ್ಮಲ್ಲಿ ಇದ್ದಾರೆ. ನಮಗೆ ಹಾಗೆನ್ನಿಸದು. ಗರಡಿಯ ಗೋಡೆಯ ಮೇಲೆ ಪೂಜೆಗೊಳ್ಳುವವನು ಬಹುಮಟ್ಟಿಗೆ ಹನುಮಂತದೇವರೇ ಅಲ್ಲವೇ? ಮಲ್ಲರ ಕಥೆಗಳನ್ನು ತೆಗೆದುಹಾಕಿದರೆ ಭಾಗವತದ ದಶಮಸ್ಕಂಧವೂ ಭಾರತದ ವಿರಾಟಪರ್ವವೂ ಎಷ್ಟು ಬಡವಾದಾವೆಂಬುದನ್ನು ಊಹಿಸಬಹುದು. ಆದುದರಿಂದ ಈ ಸಂಚಿಕೆಯಲ್ಲಿ ಮಲ್ಲರನ್ನೇ ಮುಂದಿಟ್ಟುಕೊಂಡು ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

ಮನುಷ್ಯನಿಗೆ ಒಂದು ವಿಚಿತ್ರವಾದ ಕುತೂಹಲವಿದೆ. ಯಾರೂ ಸೋಲಿಸಲಾರದವನೆಂದು ಹೆಸರಾದವನೊಬ್ಬನನ್ನು ಕಂಡರೆ ಅವನಿಗೆ ಭಯದಿಂದ ಕೈಮುಗಿಯುತ್ತಾನೆ. ಒಳಗೊಳಗೇ ಅವನು ಸೋಲುವ ದಿನವನ್ನು ಎದುರುನೋಡುತ್ತಾನೆ. ಪುರಾಣ, ಕಾವ್ಯ, ನಾಟಕ, ಯಕ್ಷಗಾನ, ಚಲನಚಿತ್ರ, ಯಾವುದನ್ನೇ ತೆಗೆದುಕೊಳ್ಳಿ, ಈ ಕುತೂಹಲಕ್ಕೆ ಉಣಿಸು ಅಲ್ಲಿ ಸಿದ್ಧವಾಗಿರುತ್ತದೆ. ಆದರೆ ಸೋಲರಿಯದವನು ಸೋತಾಗ ನಾವು ಹಿಗ್ಗುವುದು ಯಾವುದಕ್ಕೆ? ಧರ್ಮ ಗೆದ್ದಿತೆಂದೇ, ಅಥವಾ ದೊಡ್ಡವನೊಬ್ಬ ನಮ್ಮ ಮಟ್ಟಕ್ಕೆ ಇಳಿದನೆಂದೇ? ಈ ಪ್ರಶ್ನೆಯನ್ನು ನಮ್ಮ ಮೈಸೂರಿನ ಕಥೆಯಿಂದಲೇ ಆರಂಭಿಸೋಣ.

ರಣಧೀರ ಕಂಠೀರವ ನರಸರಾಜ ಒಡೆಯರ ಹೆಸರನ್ನು ಕೇಳದವರು ಈ ಊರಿನಲ್ಲಿ ಯಾರು? ೧೬೩೮ರಲ್ಲಿ ಪಟ್ಟಕ್ಕೆ ಬಂದು, ಶ್ರೀರಂಗಪಟ್ಟಣದಿಂದ ೧೬೫೯ರವರೆಗೆ ಆಳಿದ ದೊರೆ. ಅವರು ಪಟ್ಟವೇರುವ ಮೊದಲಿನ ಒಂದು ಪ್ರಸಂಗವನ್ನು ಮೈಸೂರಿನ ಜನ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ತಿರುಚಿರಾಪಳ್ಳಿಯಲ್ಲಿ ಒಬ್ಬ ಜಟ್ಟಿ ಇದ್ದನಂತೆ. ಎದುರಾಳಿಗಳೇ ಇಲ್ಲದೆ ಬೀಗಿದ ಆತ ತನ್ನ ಚಲ್ಲಣವನ್ನು ಊರಿನ ಹೆಬ್ಬಾಗಿಲಿಗೆ ತೂಗಹಾಕಿದ್ದನಂತೆ. ಒಳಗೆ ಬರುವ ಹೊರಗೆ ಹೋಗುವ ಸಮಸ್ತರೂ, ಪಂಡಿತರೂ ಯತಿಗಳೂ ಸಹ, ಅದರ ಕೆಳಗೇ ತಲೆಬಾಗಿ ನಡೆಯಬೇಕು. ಈ ಸುದ್ದಿ ಕಂಠೀರವರ ಕಿವಿಗೆ ಬಿತ್ತು. ಮಾರುವೇಷದಲ್ಲಿ ಅಲ್ಲಿಗೆ ಹೋಗಿ, ಸಭೆಯ ನಡುವೆ ಆ ಜಟ್ಟಿಯನ್ನು ಕೆಡಹಿ, ಬಹುಮಾನಕ್ಕೆ ನಿಲ್ಲದೆ ಊರಿಗೆ ಮರಳಿದರೆಂಬುದು ಕಥೆ. ೧೯೬೦ರಲ್ಲಿ ಬಂದ ‘ರಣಧೀರ ಕಂಠೀರವ’ ಚಲನಚಿತ್ರದಲ್ಲಿ ರಾಜ್‌ಕುಮಾರರು ಈ ದೊರೆಯ ಪಾತ್ರವನ್ನು ವಹಿಸಿದ ಮೇಲಂತೂ ಕಂಠೀರವರ ಸಾಹಸ ಮನೆಮನೆಯ ಮಾತಾಯಿತು.

ಇದರಲ್ಲಿ ಇತಿಹಾಸವೆಷ್ಟು, ಜನಶ್ರುತಿಯೆಷ್ಟು ಎಂಬ ವಿಚಾರ ಪಂಡಿತರಿಗಿರಲಿ. ನಮ್ಮ ಮನಸ್ಸನ್ನು ಸೆಳೆಯುವುದು ಎರಡು ಅಂಶಗಳು. ಮೊದಲನೆಯದು, ಆ ಚಲ್ಲಣ. ಜಟ್ಟಿಯು ಬಲಶಾಲಿಯಾಗಿದ್ದುದು ದೋಷವಲ್ಲ. ಅಖಾಡದೊಳಗಿನ ಗೆಲವನ್ನು ಊರಬಾಗಿಲಿಗೆ ತಂದು ನೇತುಹಾಕಿದ್ದು ದೋಷ. ಎರಡನೆಯದು, ಗೆದ್ದವನು ಹೆಸರು ಹೇಳದೆ ಹೊರಟುಬಂದದ್ದು. ಮುಂದೆ ದೊರೆಯಾದಾಗ ಆತ ಅಚ್ಚುಹಾಕಿಸಿದ ಕಂಠೀರಾಯಿ ಹಣದ ಮೇಲೆ ಮೂಡಿಸಿದ್ದು ತನ್ನ ಮುಖವನ್ನಲ್ಲ, ಶ್ರೀನರಸಿಂಹನನ್ನು. ಶ್ರೀರಂಗಪಟ್ಟಣದಲ್ಲಿ ಆತ ಕಟ್ಟಿಸಿದ ನರಸಿಂಹಸ್ವಾಮಿಯ ಗುಡಿಯಲ್ಲಿ ಆತನ ವಿಗ್ರಹವೂ ಇದೆ. ಸ್ವಾಮಿಯ ಆಲಯದಲ್ಲಿ ಸೇವಕನಿಗೆ ದೊರೆತ ಸ್ಥಳ ಅದು.

ಈಗ ಮಧುರೆಗೆ ಹೋಗೋಣ. ಕಂಸನು ಧನುರ್ಯಾಗದ ನೆಪದಲ್ಲಿ ಮಲ್ಲರಂಗವನ್ನು ಸಿದ್ಧಪಡಿಸಿದ ಪ್ರಸಂಗ ನಿಮಗೆಲ್ಲ ತಿಳಿದದ್ದೇ. ಮಂಚಗಳನ್ನು ಕಟ್ಟಿಸಿ, ತೋರಣಗಳಿಂದ ಅಲಂಕರಿಸಿ, ವಾದ್ಯಗಳನ್ನು ಮೊಳಗಿಸಿ, ಪೌರರನ್ನೂ ಜಾನಪದರನ್ನೂ ಕೂರಿಸಿದ. ಬಾಗಿಲಲ್ಲಿ ಕುವಲಯಾಪೀಡವೆಂಬ ಆನೆ. ಒಳಗೆ ಚಾಣೂರ, ಮುಷ್ಟಿಕ, ಕೂಟ, ಶಲ, ತೋಶಲರೆಂಬ ಮಲ್ಲರು. ಹೊರಗಿನಿಂದ ನೋಡಿದರೆ ಅದು ಹಬ್ಬದ ಮನರಂಜನೆ. ಒಳಗೆ ಎರಡು ಬಾಲಕರ ಕೊಲೆಯ ಸಂಚು. ಚಾಣೂರನ ಆಹ್ವಾನ ಬಹಳ ನಯವಾದದ್ದು. ಕರು ಮೇಯಿಸುವ ಗೋಪರು ಕಾಡಿನಲ್ಲಿ ಕುಸ್ತಿಯಾಡಿ ನಲಿಯುತ್ತಾರೆಂದು ಕೇಳಿದ್ದೇವೆ, ದೊರೆಯನ್ನು ಮೆಚ್ಚಿಸೋಣ ಬನ್ನಿ ಎಂದು ಕರೆಯುತ್ತಾನೆ. ಆಗ ಶ್ರೀಕೃಷ್ಣನು ಕೊಡುವ ಉತ್ತರವನ್ನು ನಾವು ಸಾಮಾನ್ಯವಾಗಿ ಅವಸರದಲ್ಲಿ ದಾಟಿಬಿಡುತ್ತೇವೆ. ತಾವು ಬಾಲಕರು, ಸಮಾನಬಲರೊಡನೆ ಆಡುವುದು ಉಚಿತ, ನೋಡುವ ಸಭೆಗೆ ಅಧರ್ಮದ ಲೇಪ ತಟ್ಟಬಾರದು ಎಂದು ಅವನು ಹೇಳುತ್ತಾನೆ. ನೋಡಿ, ಸರ್ವಶಕ್ತನಾದ ಭಗವಂತ ರಂಗಕ್ಕಿಳಿಯುವ ಮುನ್ನ ಎತ್ತಿದ ಪ್ರಶ್ನೆ ಜೋಡಿ ಕಟ್ಟುವುದನ್ನು ಕುರಿತದ್ದು! ನಮ್ಮ ಉಸ್ತಾದರು ಕುಸ್ತಿಗೆ ಮುಂಚೆ ಪಾಲಿಸುವ ಧರ್ಮವೂ ಅದೇ.

ಮಧುರೆಯ ಸ್ತ್ರೀಯರು ಇದನ್ನು ಕೂಡಲೇ ಅರ್ಥಮಾಡಿಕೊಂಡರು. ಬೆಟ್ಟದಂತಹ ಮೈಯ ಮಲ್ಲರೆಲ್ಲಿ, ಇನ್ನೂ ಯೌವನ ತುಂಬದ ಈ ಕೋಮಲರೆಲ್ಲಿ, ಇದನ್ನು ನೋಡುತ್ತ ಕುಳಿತ ಸಭಿಕರಿಗೂ ಪಾಪವಿಲ್ಲವೇ ಎಂದು ಅವರು ಮರುಗುವುದನ್ನು ಶುಕಮುನಿಗಳು ವಿಸ್ತಾರವಾಗಿಯೇ ಹೇಳಿದ್ದಾರೆ. ದೊಡ್ಡ ದೊಡ್ಡ ಮಂಚಗಳ ಮೇಲೆ ಕುಳಿತ ಗಂಡಸರಲ್ಲಿ ಈ ಮಾತನ್ನು ಆಡಿದವರು ಕಾಣರು. ಮನರಂಜನೆಯ ನೆಪವಿದ್ದಲ್ಲಿ ಅನ್ಯಾಯವು ಕಣ್ಣಿಗೆ ಬೀಳುವುದೇ ಕಷ್ಟ.

ಜೋಡಿ ಅಸಮವಾಗಿತ್ತೆಂಬುದು ನಿಜ. ಆದರೆ ಅದರ ದಿಕ್ಕು ಬೇರೆ. ಚಾಣೂರನ ತೋಳಿನಲ್ಲಿ ಅದುವರೆಗೆ ದುಡಿದ ಬಲ ಯಾರದೋ, ಆ ಬಲದ ಒಡೆಯನೇ ಎದುರಿಗೆ ಬಂದು ನಿಂತಿದ್ದ. ಕೈಹಿಡಿದು, ತಿರುಗಿಸಿ, ನೆಲಕ್ಕೆ ಅಪ್ಪಳಿಸುವಷ್ಟರಲ್ಲಿ ಮಲ್ಲನ ಪ್ರಾಣ ಹೋಗಿತ್ತು. ಮುಷ್ಟಿಕನಿಗೆ ಬಲರಾಮನ ಅಂಗೈಯ ಒಂದು ಪೆಟ್ಟು ಸಾಕಾಯಿತು. ಉಳಿದ ಮೂವರೂ ಬಿದ್ದ ಮೇಲೆ ಮಿಕ್ಕ ಮಲ್ಲರು ಜೀವವುಳಿದರೆ ಸಾಕೆಂದು ಓಡಿದರು. ಅನಂತರ ನಡೆದದ್ದು ಬಹಳ ಸೊಗಸಾಗಿದೆ. ರಾಮಕೃಷ್ಣರು ತಮ್ಮ ಗೋಪಾಲ ಮಿತ್ರರನ್ನು ರಂಗಕ್ಕೆ ಎಳೆದುಕೊಂಡು, ವಾದ್ಯಗಳು ಮೊಳಗುತ್ತಿರಲು, ಕಾಲಿನ ನೂಪುರಗಳು ಉಲಿಯುತ್ತಿರಲು, ಆಟವಾಡತೊಡಗಿದರು. ಕೊಲ್ಲುವುದಕ್ಕೆಂದು ಕಟ್ಟಿದ ಅಖಾಡವು ಹುಡುಗರ ಆಟದ ಬಯಲಾಯಿತು. ಕಂಸನಿಗೆ ಮಾತ್ರ ಸಹನೆಯಾಗಲಿಲ್ಲ, ವಾದ್ಯಗಳನ್ನು ನಿಲ್ಲಿಸಿದ. ತನ್ನ ಕಡೆಯವನು ಗೆದ್ದರೆ ಮಾತ್ರ ಸಂಗೀತ ಬೇಕೆನ್ನುವವರು ಅಂದೂ ಇದ್ದರು.

ಕಂಸನ ಮಾವನಾದ ಜರಾಸಂಧನು ಜೋಡಿಯನ್ನು ತಾನೇ ಕಟ್ಟಿದವನು. ಗಿರಿವ್ರಜಕ್ಕೆ ಬ್ರಾಹ್ಮಣವೇಷದಲ್ಲಿ ಬಂದ ಮೂವರು ಯಾರೆಂದು ತಿಳಿದ ಮೇಲೆ, ಕೃಷ್ಣನನ್ನು ಹೇಡಿಯೆಂದು ತಳ್ಳಿಹಾಕಿ, ಅರ್ಜುನನನ್ನು ಸಾಟಿಯಲ್ಲವೆಂದು ಬಿಟ್ಟು, ಭೀಮಸೇನನನ್ನು ಆರಿಸಿಕೊಂಡ. ಸಮಬಲನನ್ನೇ ಕರೆದದ್ದು ವೀರನಿಗೆ ತಕ್ಕದ್ದೇ, ಅದರಲ್ಲಿ ಅವನನ್ನು ಹಳಿಯಲಾರೆವು. ಅವನು ಎಡವಿದ್ದು ಬೇರೆಯ ಕಡೆ. ಲೆಕ್ಕಕ್ಕಿಲ್ಲವೆಂದು ಬದಿಗೆ ಸರಿಸಿದವನು ಅಲ್ಲಿಯೇ ನಿಂತು ಒಂದು ಕೊಂಬೆಯನ್ನು ಸೀಳಿ ತೋರಿಸಿದ. ಭೀಮನು ಸನ್ನೆಯನ್ನು ಗ್ರಹಿಸಿದ. ಅಷ್ಟು ದಿನಗಳ ಮಲ್ಲಯುದ್ಧ ಅಲ್ಲಿಗೆ ಮುಗಿಯಿತು.

ಹಿರಣ್ಯಕಶಿಪುವಿನ ಕಥೆಯನ್ನು ನಾವು ಇಲ್ಲಿ ವಿಸ್ತರಿಸುವುದಿಲ್ಲ. ಅವನ ವರಗಳ ಪಟ್ಟಿಯನ್ನು ನಿಮ್ಮ ಮನೆಯ ಮಕ್ಕಳೂ ಒಪ್ಪಿಸಬಲ್ಲರು. ರಂಗಭೂಮಿಗೆ ಸಂಬಂಧಿಸಿದ ಒಂದು ಮಾತನ್ನಷ್ಟೇ ಹೇಳುತ್ತೇವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರಿನ ಎ. ವಿ. ವರದಾಚಾರ್ಯರು ಪ್ರಹ್ಲಾದನ ನಾಟಕದಲ್ಲಿ ಹಿರಣ್ಯಕಶಿಪುವಿನ ಪಾತ್ರಕ್ಕೆ ಪ್ರಸಿದ್ಧರಾಗಿದ್ದರು. ೧೯೮೩ರ ‘ಭಕ್ತ ಪ್ರಹ್ಲಾದ’ ಚಲನಚಿತ್ರದಲ್ಲಿ ಅದೇ ಪಾತ್ರವನ್ನು ರಾಜ್‌ಕುಮಾರರು ವಹಿಸಿದರು. ಅವರ ಮಗನೇ ಪ್ರಹ್ಲಾದನಾಗಿದ್ದ. ಗಮನಿಸಿ, ಸೋಲುವವನ ಪಾತ್ರಕ್ಕೆ ಶ್ರೇಷ್ಠ ನಟ ಬೇಕಾಗುತ್ತಾನೆ. ರನ್ನಕವಿಯೂ ಗದಾಯುದ್ಧದಲ್ಲಿ ದುರ್ಯೋಧನನನ್ನು ಸಣ್ಣವನನ್ನಾಗಿ ಮಾಡಲಿಲ್ಲ. ಬಿದ್ದವನು ಎಷ್ಟು ಎತ್ತರದಿಂದ ಬಿದ್ದನೆಂಬುದು ತಿಳಿಯದಿದ್ದರೆ ಕೆಡಹಿದವನ ಮಹಿಮೆ ನೋಡುವವರಿಗೆ ಹೇಗೆ ತಿಳಿಯಬೇಕು?

ಆದರೆ ಇದರಲ್ಲಿ ಒಂದು ಅಪಾಯವೂ ಉಂಟು. ಹಿರಣ್ಯಕಶಿಪುವಿನ ಗರ್ಜನೆಗೆ ಚಪ್ಪಾಳೆ ತಟ್ಟಿ, ನರಸಿಂಹನು ಕಂಭದಿಂದ ಬಂದಾಗ ಕೈಮುಗಿದು, ಮನೆಗೆ ಬಂದ ಮೇಲೆ ಹೆಂಡತಿಮಕ್ಕಳ ಮುಂದೆ ಆ ಗರ್ಜನೆಯನ್ನೇ ಅಭ್ಯಾಸಮಾಡುವವರು ಅಪರೂಪವಲ್ಲ. ಈ ಮನೆಯಲ್ಲಿ ತನ್ನ ಮಾತಿಗೆ ಎದುರು ಮಾತು ಕೂಡದೆಂಬ ಯಜಮಾನ, ತನ್ನ ಪಾಠಕ್ಕೆ ಆಕ್ಷೇಪವೇ ಕೂಡದೆಂಬ ಪಂಡಿತ, ಇವರೂ ಒಂದೊಂದು ಚಲ್ಲಣವನ್ನು ಬಾಗಿಲಿಗೆ ತೂಗಹಾಕಿದವರೇ.

ಇಲ್ಲಿ ನಮ್ಮ ಮಕ್ಕಳು ಕೇಳುವ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳಬೇಕು. ಭೀಮಸೇನದೇವರು ವಾಯುದೇವರ ಎರಡನೆಯ ಅವತಾರ, ಬಲದಲ್ಲಿ ಅವರಿಗೆ ಸಮಾನರಿಲ್ಲ ಎನ್ನುತ್ತೀರಿ. ಹಾಗಾದರೆ ಸೌಗಂಧಿಕಾಪುಷ್ಪಕ್ಕೆ ಹೋದಾಗ ಹನುಮಂತನ ಬಾಲವನ್ನು ಎತ್ತಲಾರದೆ ಹೋದದ್ದೇಕೆ? ಹರಿಕಥೆಗಳಲ್ಲಿ ಇದನ್ನು ಭೀಮನ ಗರ್ವಭಂಗವೆಂದು ಹೇಳುವುದು ವಾಡಿಕೆ. ನಮ್ಮ ಸಂಪ್ರದಾಯ ಅದನ್ನು ಒಪ್ಪುವುದಿಲ್ಲ. ಹನುಮಂತನೂ ಭೀಮನೂ ಒಬ್ಬನೇ ವಾಯುದೇವನ ರೂಪಗಳಾಗಿರಲು ಯಾರಿಂದ ಯಾರಿಗೆ ಸೋಲು? ಅದು ಲೋಕಕ್ಕಾಗಿ ನಡೆಸಿದ ಲೀಲೆ. ಲಂಕೆಯಲ್ಲಿ ಹನುಮಂತನು ಬ್ರಹ್ಮಾಸ್ತ್ರಕ್ಕೆ ಕಟ್ಟುಬಿದ್ದದ್ದನ್ನು ನೆನೆದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಚತುರ್ಮುಖನ ಮಾತಿಗೆ ಗೌರವ ಕೊಟ್ಟು ಅವನು ಸುಮ್ಮನಿದ್ದ. ರಾಕ್ಷಸರು ಅವಿವೇಕದಿಂದ ಹಗ್ಗನಾರುಗಳಿಂದಲೂ ಬಿಗಿದಾಗ ಅಸ್ತ್ರದ ಬಂಧನ ತಾನಾಗಿ ಸಡಿಲಿತು. ಆಗಲೂ ಹನುಮಂತನು ಕಟ್ಟಿಸಿಕೊಂಡವನಂತೆಯೇ ನಡೆದ. ಅವನಿಗೆ ಬೇಕಾಗಿದ್ದದ್ದು ರಾವಣನ ದರ್ಶನ. ಕಣ್ಣಿಗೆ ಸೋಲಿನಂತೆ ಕಂಡದ್ದೆಲ್ಲ ಸೋಲಲ್ಲ, ಕಟ್ಟಿದವನು ಗೆದ್ದವನೂ ಅಲ್ಲ.

ಮೂರನೆಯ ಅವತಾರದಲ್ಲಿ ಯತಿಗಳಾಗಿದ್ದ ಆಚಾರ್ಯರಿಗೂ ಮಲ್ಲರ ಪ್ರಸಂಗ ಬಂದಿತ್ತು. ಅನೇಕರು ಸೇರಿ ಎತ್ತಬೇಕಾದ ಧ್ವಜಸ್ತಂಭವನ್ನು ಒಬ್ಬನೇ ಹೊತ್ತನೆಂದು ಖ್ಯಾತನಾದ ಗಂಡವಾಟನೆಂಬ ಬಲಶಾಲಿಯು ತಮ್ಮನೊಡನೆ ಬಂದು, ಆಚಾರ್ಯರ ಅಪ್ಪಣೆಯಂತೆ ಅವರ ಕೊರಳನ್ನು ಅಮುಕಿದ ವೃತ್ತಾಂತ ಸುಮಧ್ವವಿಜಯದಲ್ಲಿದೆ. ಅಮುಕಿದವರಿಗೆ ಬೆವರು ಹರಿಯಿತು, ಆಚಾರ್ಯರ ಕಂಠಕ್ಕೆ ಏನೂ ಆಗಲಿಲ್ಲ. ನೆಲಕ್ಕೆ ಊರಿದ ಅವರ ಬೆರಳನ್ನು ಕದಲಿಸುವುದಕ್ಕೂ ಆ ಸೋದರರಿಂದ ಆಗಲಿಲ್ಲ. ಕಳಸದ ಬಳಿ ಭದ್ರಾನದಿಯ ಅಂಬುತೀರ್ಥಕ್ಕೆ ಹೋದವರು ಅಲ್ಲಿನ ಮಹಾಶಿಲೆಯನ್ನೂ, ಅದನ್ನು ಆಚಾರ್ಯರು ಒಂದೇ ಕೈಯಿಂದ ತಂದಿರಿಸಿದರೆಂದು ಸಾರುವ ಬರಹವನ್ನೂ ನೋಡಿರಬಹುದು. ಆದರೆ ಆ ತೋಳಿನ ಬಲವನ್ನು ಆಚಾರ್ಯರು ತಮ್ಮ ಸಿದ್ಧಾಂತಕ್ಕೆ ಪ್ರಮಾಣವಾಗಿ ಎಲ್ಲಿಯೂ ಮುಂದೊಡ್ಡಲಿಲ್ಲ. ವಾದದಲ್ಲಿ ಅವರು ನೆಚ್ಚಿದ್ದು ಶ್ರುತಿಸ್ಮೃತಿಗಳನ್ನು, ಯುಕ್ತಿಯನ್ನು.

ಇಷ್ಟರವರೆಗೆ ದಾರಿ ಸುಗಮವಾಗಿದೆ. ದುಷ್ಟನು ಬಲದಿಂದ ಉಬ್ಬಿದ, ಸೋತ, ಕೇಳುವುದಕ್ಕೆ ಹಿತವಾಗಿದೆ. ಆದರೆ ಅರ್ಜುನನ ಕಥೆಗೆ ಬಂದಾಗ ಈ ಸರಳವಾದ ಲೆಕ್ಕ ತಪ್ಪುತ್ತದೆ.

ಅರ್ಜುನನ ಸೋಲೆಂದರೆ ಕನ್ನಡಿಗರಿಗೆ ಮೊದಲು ನೆನಪಾಗುವವನು ಬಭ್ರುವಾಹನ. ಕಡೂರು ಸೀಮೆಯ ದೇವನೂರಿನ ಲಕ್ಷ್ಮೀಶಕವಿಯ ಜೈಮಿನಿ ಭಾರತವನ್ನು ಗಮಕಿಗಳ ಬಾಯಲ್ಲಿ ಕೇಳಿದವರಿಗೆ, ಯಕ್ಷಗಾನದ ಕಾಳಗವನ್ನು ನೋಡಿದವರಿಗೆ ಈ ಕಥೆ ಚಿರಪರಿಚಿತ. ೧೯೭೭ರಲ್ಲಿ ಹುಣಸೂರು ಕೃಷ್ಣಮೂರ್ತಿಗಳು ನಿರ್ದೇಶಿಸಿದ ‘ಬಭ್ರುವಾಹನ’ ಚಿತ್ರದಲ್ಲಿ ತಂದೆಯೂ ರಾಜ್‌ಕುಮಾರರೇ, ಮಗನೂ ರಾಜ್‌ಕುಮಾರರೇ. ಕೆಡಹಿದವನೂ ಬಿದ್ದವನೂ ಒಬ್ಬನೇ ಆದನೆಂದು ನಮ್ಮ ಅದ್ವೈತಿ ಮಿತ್ರರು ಹಿಗ್ಗಬೇಕಾಗಿಲ್ಲ, ಅದು ಛಾಯಾಗ್ರಾಹಕನ ಚಮತ್ಕಾರ!

ವ್ಯಾಸರ ಭಾರತದ ಆಶ್ವಮೇಧಿಕ ಪರ್ವದಲ್ಲಿ ಈ ಸೋಲಿಗೆ ಕಾರಣವನ್ನು ಸ್ಪಷ್ಟವಾಗಿ ಹೇಳಿದೆ. ಕುದುರೆಯ ಹಿಂದೆ ಮಣಲೂರಿಗೆ ಬಂದ ತಂದೆಯನ್ನು ಮಗನು ವಿನಯದಿಂದ ಕಾಣಿಕೆಗಳೊಡನೆ ಎದುರ್ಗೊಂಡ. ಯುದ್ಧಕ್ಕೆಂದು ಬಂದವನನ್ನು ಹೀಗೆ ಎದುರ್ಗೊಳ್ಳುವುದು ಕ್ಷತ್ರಿಯಧರ್ಮವಲ್ಲವೆಂದು ತಂದೆ ಜರೆದ. ನಾಗಕನ್ಯೆ ಉಲೂಪಿ ಕಾಳಗಕ್ಕೆ ಪ್ರೇರಿಸಿದಳು. ಮಗನ ಬಾಣಕ್ಕೆ ಗಾಂಡೀವಿಯು ಧರೆಗುರುಳಿದ. ಚಿತ್ರಾಂಗದೆ ಗೋಳಾಡುತ್ತಿರಲು ಉಲೂಪಿ ತಂದ ಮಣಿಯು ಎದೆಯ ಮೇಲಿಟ್ಟೊಡನೆ ಅವನಿಗೆ ಜೀವ ಬಂದಿತು. ಶಿಖಂಡಿಯನ್ನು ಮುಂದಿಟ್ಟುಕೊಂಡು ಭೀಷ್ಮರನ್ನು ಕೆಡಹಿದ್ದಕ್ಕೆ ವಸುಗಳು ಕೊಟ್ಟ ಶಾಪ ಅಲ್ಲಿಗೆ ತೀರಿತು. ಅಂದರೆ ಇದು ಋಣ ತೀರಿಸಿದ ಸೋಲು. ಬಿದ್ದವನು ಎದ್ದ, ಮಗನನ್ನು ಅಪ್ಪಿಕೊಂಡ, ಕುದುರೆ ಮುಂದೆ ಹೋಯಿತು.

ಮೌಸಲಪರ್ವದ ಸೋಲು ಇಂತಹದ್ದಲ್ಲ. ಅದನ್ನು ಪ್ರವಚನದಲ್ಲಿ ಹೇಳಬೇಕಾಗಿ ಬಂದಾಗ ನಮ್ಮ ಸ್ವರ ತಾನಾಗಿಯೇ ಇಳಿಯುತ್ತದೆ. ಶ್ರೀಕೃಷ್ಣನು ಅವತಾರವನ್ನು ಸಮಾಪ್ತಿಗೊಳಿಸಿದ್ದಾನೆ. ದ್ವಾರಕೆಯನ್ನು ಸಮುದ್ರ ನುಂಗಿದೆ. ಉಳಿದ ಸ್ತ್ರೀಯರನ್ನೂ ವೃದ್ಧರನ್ನೂ ಮಕ್ಕಳನ್ನೂ ಕರೆದುಕೊಂಡು ಅರ್ಜುನನು ಪಂಚನದ ದೇಶವನ್ನು ಹಾಯುತ್ತಿದ್ದಾನೆ. ಅಲ್ಲಿ ಅವನ ಮೇಲೆ ಬಿದ್ದವರು ಮಹಾರಥರಲ್ಲ, ದೊಣ್ಣೆ ಹಿಡಿದ ಆಭೀರರು. ಖಾಂಡವವನ್ನು ದಹಿಸಿದ, ನಿವಾತಕವಚರನ್ನು ಸಂಹರಿಸಿದ ವೀರನಿಗೆ ಗಾಂಡೀವಕ್ಕೆ ಹೆದೆಯೇರಿಸುವುದೇ ಪ್ರಯಾಸವಾಯಿತು. ಅಸ್ತ್ರಗಳ ಮಂತ್ರಗಳು ನೆನಪಿಗೆ ಬರಲಿಲ್ಲ. ಎಂದೂ ಬರಿದಾಗದ ಬತ್ತಳಿಕೆ ಬರಿದಾಯಿತು. ಕಡೆಗೆ ಬಿಲ್ಲಿನ ತುದಿಯಿಂದ ಬಡಿದು ನೋಡಿದ. ಅವನ ಕಣ್ಣೆದುರಿನಲ್ಲೇ ಅವರು ಸ್ತ್ರೀಯರನ್ನು ಅಪಹರಿಸಿಕೊಂಡು ಹೋದರು.

ಇಲ್ಲಿ ಅರ್ಜುನನು ಮಾಡಿದ ತಪ್ಪೇನು? ಆ ದಿನ ಅವನಲ್ಲಿ ಗರ್ವವಿರಲಿಲ್ಲ. ಆಪ್ತಸಖನನ್ನು ಕಳೆದುಕೊಂಡ ಶೋಕವಿತ್ತು. ಸ್ವಂತಕ್ಕೆ ಏನನ್ನೂ ಬಯಸಿರಲಿಲ್ಲ. ಅನಾಥರನ್ನು ಕಾಯುವ ಕರ್ತವ್ಯದಲ್ಲಿದ್ದ. ಜೊತೆಗೆ ಸೋಲಿನ ಫಲವನ್ನು ಉಂಡವರು ಅವನೊಬ್ಬನೇ ಅಲ್ಲ, ಅವನನ್ನು ನಂಬಿಬಂದ ಹೆಣ್ಣುಮಕ್ಕಳು. ನಮ್ಮಲ್ಲಿ ಒಂದು ಪದ್ಧತಿ ಬೆಳೆದಿದೆ: ಪಕ್ಕದ ಮನೆಯವನು ಸೋತರೆ ಅವನ ಅಹಂಕಾರದ ಫಲವೆನ್ನುತ್ತೇವೆ, ನಾವು ಸೋತರೆ ಗ್ರಹಚಾರವೆನ್ನುತ್ತೇವೆ. ಮಹಾಭಾರತವು ಈ ಸುಲಭದ ದಾರಿಯನ್ನು ಮುಚ್ಚುತ್ತದೆ. ಭಗವಂತನೇ ಸಖನೆಂದು ಕರೆದವನು, ಧರ್ಮಕಾರ್ಯದಲ್ಲಿರುವಾಗಲೇ, ದೊಣ್ಣೆಯವರ ಮುಂದೆ ಸೋತ ಎಂದು ಅದು ಮುಚ್ಚುಮರೆಯಿಲ್ಲದೆ ಬರೆದಿಟ್ಟಿದೆ.

ಭಾಗವತದ ಪ್ರಥಮಸ್ಕಂಧದಲ್ಲಿ ಇದೇ ಅರ್ಜುನನು ಅಣ್ಣನ ಮುಂದೆ ನಿಂತು ನಿವೇದಿಸುತ್ತಾನೆ. ಬಿಲ್ಲು ಬದಲಾಗಿಲ್ಲ, ಬಾಣ ಬದಲಾಗಿಲ್ಲ, ರಥವೂ ಕುದುರೆಗಳೂ ತಾನೂ ಬದಲಾಗಿಲ್ಲ. ರಾಜರು ತಲೆಬಾಗುತ್ತಿದ್ದುದು ಯಾವುದಕ್ಕೋ ಅದೊಂದು ಹೊರಟುಹೋಯಿತೆಂಬುದು ಅವನ ಮಾತಿನ ತಾತ್ಪರ್ಯ. ಸೋತವನು ಬಿಲ್ಲನ್ನು ದೂಷಿಸಲಿಲ್ಲ, ಶತ್ರುಗಳು ಮೋಸಗೈದರೆಂದೂ ಹೇಳಲಿಲ್ಲ. ಸ್ವತಂತ್ರನು ಶ್ರೀಹರಿಯೊಬ್ಬನೇ, ಉಳಿದ ಸಮಸ್ತವೂ ಅವನ ಅಧೀನ ಎಂಬ ಆಚಾರ್ಯರ ಸಿದ್ಧಾಂತವನ್ನು ನಾವು ಪುಸ್ತಕದಿಂದ ಕಲಿಯುತ್ತೇವೆ. ಅರ್ಜುನನು ಅದನ್ನು ಬರಿದಾದ ಬತ್ತಳಿಕೆಯಲ್ಲಿ ಕೈಯಾಡಿಸಿ ಅರಿತ.

ಹಾಗೆಂದು ಜೀವನಿಗೆ ಕರ್ತೃತ್ವವೇ ಇಲ್ಲವೆಂದು ಆಚಾರ್ಯರು ಹೇಳಲಿಲ್ಲ. ಕರ್ತೃತ್ವವಿದೆ, ಆದರೆ ಅದು ಭಗವಂತನು ಕೊಟ್ಟದ್ದು, ಅವನ ಅಧೀನದಲ್ಲಿರುವುದು. ಗರಡಿಯ ಹುಡುಗನು ನಸುಕಿನಲ್ಲೆದ್ದು ದಂಡೆ ಹೊಡೆಯಲೇಬೇಕು, ಬಸ್ಕಿ ತೆಗೆಯಲೇಬೇಕು. ಅವನ ಬೆವರು ಸುಳ್ಳಲ್ಲ. ಎಲ್ಲವೂ ಹರಿಯ ಇಚ್ಛೆಯೆಂದು ಹೊದ್ದು ಮಲಗುವವನಿಗೆ ಹರಿಯೂ ಗದೆಯನ್ನು ತಂದುಕೊಡುವುದಿಲ್ಲ.

ಅರ್ಜುನನು ಬಳಿಕ ವೇದವ್ಯಾಸದೇವರ ಆಶ್ರಮಕ್ಕೆ ಹೋದ. ಅವನ ಮುಖವನ್ನು ಕಂಡೇ ಅವರು ಕೇಳಿದರು, ಯುದ್ಧದಲ್ಲಿ ಸೋತು ಬಂದೆಯೋ ಎಂದು. ಎಲ್ಲವನ್ನೂ ಕೇಳಿದ ಮೇಲೆ ಅವರು ಶಿಷ್ಯನನ್ನು ಗದರಿಸಲಿಲ್ಲ, ಪ್ರಾಯಶ್ಚಿತ್ತವನ್ನೂ ವಿಧಿಸಲಿಲ್ಲ. ಬಲ, ಬುದ್ಧಿ, ತೇಜಸ್ಸು ಕಾಲದಲ್ಲಿ ಬರುತ್ತವೆ, ಕಾಲದಲ್ಲಿ ಹೋಗುತ್ತವೆ. ಅಸ್ತ್ರಗಳು ತಾವು ಬಂದ ಕಾರ್ಯವನ್ನು ಮುಗಿಸಿ ಬಂದಲ್ಲಿಗೆ ಮರಳಿದವು. ನೀವು ಹೊರಡುವ ಹೊತ್ತಾಯಿತು, ಎಂದು ತಿಳಿಸಿದರು. ಮಾಡಬೇಕಾದದ್ದನ್ನು ಮಾಡಿ ಮುಗಿಸಿದವನ ಸೋಲಿಗೆ ಗುರುಗಳು ಕೊಟ್ಟ ಸಮಾಧಾನ ಇದು. ಸೇವೆಯಿಂದ ನಿವೃತ್ತರಾಗಿ, ನಿನ್ನೆಯವರೆಗೆ ಅಪ್ಪಣೆ ಕೊಡುತ್ತಿದ್ದ ಕಚೇರಿಗೆ ಇಂದು ಪಿಂಚಣಿಯ ಕಾಗದ ಹಿಡಿದು ಹೋಗುವ ಹಿರಿಯರು, ಐವತ್ತು ವರ್ಷ ತಪ್ಪದೆ ಪೂಜೆಮಾಡಿ ಈಗ ಕೈನಡುಕದಿಂದ ತೀರ್ಥದ ಸೌಟನ್ನು ಹಿಡಿಯಲಾರದವರು, ಮಡಿಯಡುಗೆ ತಮ್ಮ ಕೈಯಿಂದ ಆಗದೆಂದು ಒಳಗೇ ಕೊರಗುವ ಅಜ್ಜಿಯರು ಮೌಸಲಪರ್ವವನ್ನು ಅಮಂಗಳವೆಂದು ಬಿಡದೆ ಓದಿಸಿ ಕೇಳಬೇಕೆಂಬುದು ನಮ್ಮ ಬಿನ್ನಹ.

ಮಟ್ಟಿಯಲ್ಲಿ ಯಾರಿಗೂ ಸೋಲದವರೆಂದು ಲೋಕ ಕೊಂಡಾಡಿದ ಗಾಮಾ ಪೈಲ್ವಾನರ ಹೆಸರನ್ನು ನಿಮ್ಮಲ್ಲಿ ಹಿರಿಯರು ಕೇಳಿರುತ್ತೀರಿ. ೧೯೧೦ರಲ್ಲಿ ಲಂಡನ್ನಿನಲ್ಲಿ ಹೆಸರು ಮಾಡಿದರು. ೧೯೨೮ರಲ್ಲಿ ಪಟಿಯಾಲದಲ್ಲಿ ಜ಼್ಬಿಸ್ಕೊ ಎಂಬ ಪೋಲೆಂಡಿನ ಮಹಾಮಲ್ಲನನ್ನು ಒಂದು ನಿಮಿಷದೊಳಗೆ ಕೆಡಹಿದರು. ಅಂತಹವರು ೧೯೬೦ರಲ್ಲಿ ಲಾಹೋರಿನಲ್ಲಿ ರೋಗಪೀಡಿತರಾಗಿ, ಕೈಬರಿದಾಗಿ ತೀರಿಕೊಂಡರು. ಅವರೊಡನೆ ಕಾಲವು ಆಡಿದ ಕುಸ್ತಿಗೆ ಜೋಡಿ ಕಟ್ಟಿದವರು ಯಾರೂ ಇಲ್ಲ.

ಮಳೆ ತಡವಾದರೆ ವಿರಾಟಪರ್ವವನ್ನು ಓದಿಸುವುದು ನಮ್ಮ ನಾಡಿನ ಹಳೆಯ ಸಂಪ್ರದಾಯ. ಆ ಪರ್ವದಲ್ಲಿ ಕೀಚಕನ ಅಬ್ಬರಕ್ಕೆ ಮುಂಚೆ ಒಂದು ಪುಟ್ಟ ಪ್ರಸಂಗವಿದೆ. ಅಜ್ಞಾತವಾಸದ ನಾಲ್ಕನೆಯ ತಿಂಗಳು. ಮತ್ಸ್ಯನಗರದಲ್ಲಿ ಬ್ರಹ್ಮೋತ್ಸವ. ನಮ್ಮ ದಸರೆಯಂತೆಯೇ ದಿಕ್ಕುದಿಕ್ಕುಗಳಿಂದ ಮಲ್ಲರು ಬಂದು ನೆರೆದಿದ್ದಾರೆ. ಅವರಲ್ಲಿ ಜೀಮೂತನೆಂಬುವನು ರಂಗದ ನಡುವೆ ನಿಂತು ಎಲ್ಲರನ್ನೂ ಕರೆಯುತ್ತಾನೆ, ಒಬ್ಬನೂ ಹತ್ತಿರ ಸುಳಿಯುವುದಿಲ್ಲ. ಉತ್ಸವ ಕಳೆಗೆಡುತ್ತದೆಂದು ವಿರಾಟರಾಜನು ಅಡುಗೆಯ ವಲಲನನ್ನು ಕರೆಸಿದ.

ಭೀಮಸೇನದೇವರಿಗೆ ಇಷ್ಟವಿರಲಿಲ್ಲ. ಗೆದ್ದರೆ ಗುರುತು ಸಿಕ್ಕುವ ಭಯ. ಗುರುತು ಸಿಕ್ಕಿದರೆ ಅಣ್ಣತಮ್ಮಂದಿರಿಗೆಲ್ಲ ಮತ್ತೆ ಹನ್ನೆರಡು ವರ್ಷದ ವನವಾಸ. ಅನ್ನವಿಕ್ಕುವ ದೊರೆಯ ಮಾತನ್ನು ಬಹಿರಂಗವಾಗಿ ಮೀರುವಂತೆಯೂ ಇಲ್ಲ. ಹುಲಿಯಂತೆ ಮೆಲ್ಲನೆ ರಂಗಕ್ಕೆ ಬಂದು, ದೊರೆಗೆ ವಂದಿಸಿ, ನಡುಕಟ್ಟನ್ನು ಬಿಗಿದರು. ಅನಂತರದ್ದು ಹೆಚ್ಚು ಹೊತ್ತಿನದಲ್ಲ. ಜೀಮೂತನನ್ನು ಎತ್ತಿ, ನೂರು ಸುತ್ತು ತಿರುಗಿಸಿ, ನೆಲಕ್ಕಪ್ಪಳಿಸಿದರು. ಜನ ಹರ್ಷದಿಂದ ಕೂಗಿದರು, ದೊರೆ ಧನವನ್ನು ಕೊಟ್ಟ. ಗೆದ್ದವನು ಅಡುಗೆಮನೆಗೆ ಹಿಂದಿರುಗಿ ಸೌಟು ಹಿಡಿದ. ಬಿರುದಿಲ್ಲ, ಬಾಗಿಲಿಗೆ ಚಲ್ಲಣವಿಲ್ಲ. ಸೋಲರಿಯದ ಮಲ್ಲನೆಂದರೆ ನಮ್ಮ ಕಣ್ಣಿಗೆ ಕಟ್ಟುವ ಚಿತ್ರ ಇದು, ಹೊಗೆ ಹಿಡಿದ ಗೋಡೆಯ ಮುಂದೆ ನಿಂತ ವಲಲ.

ಆದರೆ ದೊರೆಯ ಆಸೆ ಅಷ್ಟಕ್ಕೆ ತಣಿಯಲಿಲ್ಲ. ಎದುರಿಸುವ ಮನುಷ್ಯರು ಇಲ್ಲವಾದ ಮೇಲೆ ಹುಲಿ, ಸಿಂಹ, ಆನೆಗಳೊಡನೆ ಕಾದಿಸಿದ. ಅಂತಃಪುರದ ಸ್ತ್ರೀಯರ ವಿನೋದಕ್ಕೂ ಅದನ್ನು ಏರ್ಪಡಿಸಿದ. ಸುದೇಷ್ಣೆಯೂ ಸಖಿಯರೂ ನಕ್ಕು ನಲಿಯುತ್ತಿರುವಾಗ ಸೈರಂಧ್ರಿಯಾಗಿ ಅಲ್ಲಿಯೇ ನಿಂತಿದ್ದ ದ್ರೌಪದಿಗೆ ಕಣ್ಣು ಕತ್ತಲಿಡುತ್ತಿತ್ತು. ಅಡುಗೆಯವನ ಮೇಲೆ ಇವಳಿಗೇನು ಇಷ್ಟು ಮರುಕ ಎಂದು ಅವರು ಕುಹಕವಾಡುತ್ತಿದ್ದರು. ಮೂರು ಲೋಕಕ್ಕೆ ಸಾಟಿಯಿಲ್ಲದ ಬಲ, ಅಂತಃಪುರದ ಹೊತ್ತು ಕಳೆಯುವ ಆಟಕ್ಕೆ ಒದಗಿತು. ಆ ಅವಮಾನವನ್ನೂ ಭೀಮಸೇನನು ನುಂಗಿದ.

ಮುಂದೆ ಕೀಚಕನು ಸಭೆಯಲ್ಲಿ ಒದ್ದ ದಿನದ ರಾತ್ರಿ, ದ್ರೌಪದಿ ಎದ್ದು ಹೋದದ್ದು ಧರ್ಮರಾಜನ ಬಳಿಗಲ್ಲ, ಬೃಹನ್ನಳೆಯ ಬಳಿಗೂ ಅಲ್ಲ, ಅಡುಗೆಮನೆಗೆ. ಮಲಗಿದ್ದವನನ್ನು ಎಬ್ಬಿಸಿ, ಕತ್ತಲೆಯಲ್ಲಿ ಕುಳಿತು, ತಿಂಗಳುಗಳಿಂದ ಕಟ್ಟಿಟ್ಟಿದ್ದ ದುಃಖವನ್ನೆಲ್ಲ ತೋಡಿಕೊಂಡಳು. ಪ್ರಾಣಿಗಳೊಡನೆ ಅವನು ಕಾದುವುದನ್ನು ನೋಡಬೇಕಾಗಿ ಬಂದ ಸಂಕಟವನ್ನೂ ಹೇಳಿದಳು. ಹೇಳುತ್ತ, ರಾಣಿಗೆ ಗಂಧ ತೇಯ್ದು ದಡ್ಡುಗಟ್ಟಿದ ತನ್ನ ಅಂಗೈಗಳನ್ನು ಅವನ ಮುಂದೆ ಚಾಚಿದಳು. ಜರಾಸಂಧನನ್ನೂ ಜೀಮೂತನನ್ನೂ ಕೆಡಹಿದ ಮಹಾಮಲ್ಲನು ಆ ಎರಡು ಕೈಗಳನ್ನು ತೆಗೆದುಕೊಂಡು ತನ್ನ ಮುಖಕ್ಕೆ ಒತ್ತಿಕೊಂಡು ಅತ್ತನು.

ಶ್ರೀಕೃಷ್ಣಾರ್ಪಣಮಸ್ತು